ತಳವಾರನಿಗೆ ಸಂಬಳ ಕೊಡುವವರು ಯಾರು?

ನಮ್ಮ ಬೀದಿಯ ಮೂಲೆಯಲ್ಲಿ ಬಾಗಿಲು ಮುಚ್ಚಿಕೊಂಡ ಒಂದು ದಿನಸಿ ಅಂಗಡಿ ಇದೆ. ಅದರ ಗೋಡೆಯ ಮೇಲೆ ಹಿಂದೆ ಒಂದು ಸಣ್ಣ ತಗಡಿನ ಡಬ್ಬಿ, ಡಬ್ಬಿಯೊಳಗೆ ಗೆರೆ ಹೊಡೆದ ಪುಸ್ತಕ ಇರುತ್ತಿತ್ತು. ರಾತ್ರಿ ಬೀಟಿಗೆ ಬಂದ ಪೇದೆ ಅದರಲ್ಲಿ ಹೊತ್ತು ಬರೆದು ಸಹಿ ಹಾಕಿ ಹೋಗಬೇಕು. ಈಗ ಆ ಜಾಗದಲ್ಲಿ ಮೊಬೈಲಿನಿಂದ ಸ್ಕ್ಯಾನ್ ಮಾಡುವ ಕ್ಯೂಆರ್ ಕೋಡಿನ ಚೀಟಿ ಅಂಟಿದೆ. ಮುಖ್ಯರಸ್ತೆಯ ಕಂಬದ ಮೇಲೆ ಕ್ಯಾಮೆರಾ ಕೂತಿದೆ. ಡಬ್ಬಿ ಇದ್ದ ಕಾಲದಲ್ಲಿ ಪೇದೆಯ ಹೆಸರು ನನಗೆ ಗೊತ್ತಿತ್ತು, ಈಗ ಗೊತ್ತಿಲ್ಲ. ಹಾಗೆಂದು ಆ ಕಾಲವೇ ಚೆನ್ನಾಗಿತ್ತು ಅಂದುಕೊಳ್ಳಬೇಡಿ. ಅದೇ ಪುಸ್ತಕದಲ್ಲಿ ಒಂದು ವಾರದ ಸಹಿಯನ್ನೆಲ್ಲ ಒಂದೇ ಪೆನ್ನಿನಲ್ಲಿ, ಒಂದೇ ನಿಲುವಿನಲ್ಲಿ ಹಾಕಿ ಹೋಗಿದ್ದನ್ನೂ ಕಂಡಿದ್ದೇನೆ.

ಡಬ್ಬಿಗೆ ಖರ್ಚೇ ಇರಲಿಲ್ಲ. ಅಂಗಡಿಯವರೇ ಮೊಳೆ ಹೊಡೆದು ಕೊಟ್ಟಿದ್ದರು. ಬೆಂಗಳೂರಿನ ಕ್ಯಾಮೆರಾಗಳ ಕತೆ ಬೇರೆ. 2012ರ ಡಿಸೆಂಬರಿನಲ್ಲಿ ದೆಹಲಿಯ ಬಸ್ಸಿನೊಳಗೆ ನಡೆದ ಆ ಕ್ರೌರ್ಯದ ನಂತರ, 2013ರ ಕೇಂದ್ರ ಬಜೆಟ್ಟಿನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಮಹಿಳೆಯರ ಸುರಕ್ಷತೆಗೆಂದು 1,000 ಕೋಟಿ ರೂಪಾಯಿಯ ನಿರ್ಭಯಾ ನಿಧಿ ಘೋಷಿಸಿದರು. ಅದರಿಂದಲೇ ಮುಂದೆ ಎಂಟು ಮಹಾನಗರಗಳ ‘ಸೇಫ್ ಸಿಟಿ’ ಯೋಜನೆ ಹುಟ್ಟಿತು. 2018ರಲ್ಲಿ ಬೆಂಗಳೂರಿನ ಪಾಲಿಗೆ 667 ಕೋಟಿ ಮಂಜೂರಾಯಿತು: ನೂರಕ್ಕೆ ಅರವತ್ತು ಕೇಂದ್ರದ್ದು, ನಲವತ್ತು ರಾಜ್ಯದ್ದು. ಆಮೇಲೆ ಟೆಂಡರ್ ಕರೆದರು, ರದ್ದು ಮಾಡಿದರು, ಮತ್ತೆ ಕರೆದರು. 2020ರ ಕೊನೆಗೆ ಇದೇ ಟೆಂಡರಿನ ವಿಷಯದಲ್ಲಿ ಇಬ್ಬರು ಹಿರಿಯ ಐಪಿಎಸ್ ಅಧಿಕಾರಿಗಳು ಪತ್ರಿಕೆಗಳಲ್ಲೇ ಜಗಳಕ್ಕೆ ನಿಂತರು. ಕಮಾಂಡ್ ಸೆಂಟರ್ ಉದ್ಘಾಟನೆಯಾದದ್ದು 2023ರ ಮಾರ್ಚಿನಲ್ಲಿ. ನಿಧಿ ಘೋಷಣೆಯಾದ ದಿನ ಹೈಸ್ಕೂಲಿನಲ್ಲಿದ್ದ ಹುಡುಗಿ ಅಷ್ಟರಲ್ಲಿ ಕೆಲಸಕ್ಕೆ ಸೇರಿ, ರಾತ್ರಿ ಪಾಳಿ ಮುಗಿಸಿ ಮನೆಗೆ ಬರುವ ವಯಸ್ಸಿಗೆ ಬಂದಿದ್ದಳು.

ಸಂವಿಧಾನದ ಏಳನೇ ಅನುಸೂಚಿಯ ಪ್ರಕಾರ ಪೊಲೀಸ್ ರಾಜ್ಯದ ವಿಷಯ. ಕಳ್ಳತನವಾಗುವುದೋ ಬೀದಿಯಲ್ಲಿ. ಹೀಗಿರುವಾಗ ಬೀದಿಯ ಕಾವಲಿಗೆ ದೂರದ ಸರಕಾರ ಅನುದಾನ ಕೊಡಬೇಕೆ? ಕೊಟ್ಟರೆ ಯಾವುದಕ್ಕೆ ಕೊಡಬೇಕು? ಕೇಳುವುದು ಸುಲಭ. ಉತ್ತರ ಹುಡುಕಲು ಹೊರಟ ನಾನು ಎರಡು ಮೂರು ಸಲ ಪಕ್ಷ ಬದಲಾಯಿಸಿದ್ದೇನೆ.

ನಮ್ಮ ಹಳ್ಳಿಗಳು ಇದಕ್ಕೆ ಒಂದು ಉತ್ತರ ಕಂಡುಕೊಂಡಿದ್ದವು. ಕಾವಲು ಕಾಯುವ ತಳವಾರ ಊರಿನವನೇ. ಅವನ ಸಂಬಳ ಒಂದು ತುಂಡು ಇನಾಮು ಜಮೀನು, ಸುಗ್ಗಿಯಲ್ಲಿ ಕಣದಿಂದ ಸಿಗುವ ಆಯ. ಯಾರ ಮನೆಗೆ ಹೊಸ ನೆಂಟ ಬಂದಿದ್ದಾನೆ, ಯಾರ ಎತ್ತು ಯಾರ ಹೊಲಕ್ಕೆ ನುಗ್ಗಿದೆ ಎಂಬುದೆಲ್ಲ ಅವನಿಗೆ ಗೊತ್ತಿರುತ್ತಿತ್ತು. ಕೆಲವು ಕಡೆ ಕದ್ದ ಮಾಲು ಸಿಗದಿದ್ದರೆ ನಷ್ಟ ಕಟ್ಟಿಕೊಡುವ ಹೊಣೆಯೂ ಅವನ ತಲೆಯ ಮೇಲೇ ಬೀಳುತ್ತಿತ್ತು. ಹಣ ಊರಿನದು, ಆದ್ದರಿಂದ ಲೆಕ್ಕವೂ ಊರಿಗೇ. ಕೇಳಲು ಇಂಪಾಗಿದೆ. ಆದರೆ ‘ಊರು’ ಅಂದರೆ ಯಾರು? ಪಟೇಲರು, ಶಾನುಭೋಗರು, ನಾಲ್ಕು ದೊಡ್ಡ ಮನೆಗಳು. ತಳವಾರ ಅವರ ಕೋಲು ಹಿಡಿದ ಆಳು. ಕೇರಿಯವರ ಮನೆಯಲ್ಲಿ ಕಳ್ಳತನವಾದರೆ ಅದೇ ಕೋಲು ಅಷ್ಟು ಚುರುಕಾಗಿ ಎದ್ದಿದ್ದನ್ನು ಯಾವ ಹಿರಿಯರೂ ನನಗೆ ಹೇಳಿಲ್ಲ. 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯೊಂದಿಗೆ ಆ ವಂಶಪಾರಂಪರ್ಯದ ಹುದ್ದೆಗಳು ಹೋದವು. ಅದಕ್ಕಾಗಿ ಅತ್ತವರು ಕಡಿಮೆ.

ಹಣ ಎಲ್ಲಿಂದ ಬರುತ್ತದೋ ಲೆಕ್ಕ ಅಲ್ಲಿಗೇ ಹೋಗುತ್ತದೆ. ಮೇಲಿನಿಂದ ಅನುದಾನ ಬೇಕೆನ್ನುವವರಿಗೂ ಬೇಡವೆನ್ನುವವರಿಗೂ ವಾದ ಹುಟ್ಟುವುದು ಈ ಒಂದು ಮಾತಿನಿಂದಲೇ.

ಬೇಕೆನ್ನುವವರನ್ನು ಮೊದಲು ಕೇಳೋಣ. ರಾಜ್ಯದ ಪೊಲೀಸ್ ಬಜೆಟ್ಟಿನಲ್ಲಿ ಸಂಬಳ, ಪಿಂಚಣಿ, ಡೀಸೆಲ್ ಕಳೆದರೆ ಹೊಸದೊಂದನ್ನು ಮಾಡಿ ನೋಡಲು ಉಳಿಯುವುದು ಅಲ್ಪ. ಠಾಣೆಗೆ ಬಂದ ಹೆಂಗಸು ಕೂರಲು ಪ್ರತ್ಯೇಕ ಜಾಗ ಬೇಕು ಎಂಬಂಥ ಬೇಡಿಕೆ ಬಂದೋಬಸ್ತು, ವಿಐಪಿ ಡ್ಯೂಟಿ, ಚುನಾವಣೆಗಳ ನಡುವೆ ಯಾವತ್ತೂ ಕೊನೆಯ ಸಾಲಿನದೇ. ಹೊರಗಿನಿಂದ ಬಂದ ಹಣ, ಅದೂ ‘ಇದಕ್ಕೇ ಖರ್ಚು ಮಾಡಬೇಕು’ ಎಂದು ಕಟ್ಟು ಹಾಕಿ ಬಂದ ಹಣ, ಆ ಸಾಲನ್ನು ಮುಂದಕ್ಕೆ ತರುತ್ತದೆ. ನಿರ್ಭಯಾ ನಿಧಿಯಿಂದ 10,000 ಠಾಣೆಗಳಲ್ಲಿ ಮಹಿಳಾ ಸಹಾಯ ಕೇಂದ್ರಗಳಿಗೆಂದು ಒಟ್ಟು 100 ಕೋಟಿ ಕೊಟ್ಟರು. ಠಾಣೆಗೆ ಒಂದು ಲಕ್ಷ. ಬೆಂಗಳೂರಿನ ಕ್ಯಾಮೆರಾಗಳ ಮುಂದೆ ಇದು ಚಿಲ್ಲರೆ.

ಈ ಚಿಲ್ಲರೆಯಂಥ ಕೆಲಸ ಏನು ಮಾಡಬಲ್ಲದು ಎಂಬುದಕ್ಕೆ ಮಧ್ಯಪ್ರದೇಶದಲ್ಲಿ ಒಳ್ಳೆಯ ಪರೀಕ್ಷೆ ನಡೆಯಿತು. ಅಲ್ಲಿನ ಪೊಲೀಸರೂ ಸಂಶೋಧಕರೂ ಕೂಡಿ 180 ಠಾಣೆಗಳನ್ನು ಆರಿಸಿಕೊಂಡು, ಯಾವ ಠಾಣೆಗೆ ಸಹಾಯ ಕೇಂದ್ರ ಬರಬೇಕು ಎಂಬುದನ್ನು ಚೀಟಿ ಎತ್ತಿದ ಹಾಗೆ ನಿರ್ಧರಿಸಿದರು. ಫಲಿತಾಂಶ 2022ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕೇಂದ್ರವಿದ್ದ ಠಾಣೆಗಳಲ್ಲಿ ಹೆಂಗಸರ ಮೇಲಿನ ದೌರ್ಜನ್ಯದ ದೂರುಗಳು ಹೆಚ್ಚು ದಾಖಲಾದವು. ಕೇಂದ್ರವನ್ನು ಮಹಿಳಾ ಸಿಬ್ಬಂದಿ ನಡೆಸುತ್ತಿದ್ದ ಕಡೆ ಇನ್ನೂ ಹೆಚ್ಚು. ‘ಮನೆ ಜಗಳ, ಮನೆಯಲ್ಲೇ ಬಗೆಹರಿಸಿಕೊಳ್ಳಮ್ಮ’ ಎಂದು ವಾಪಸ್ ಕಳಿಸುವ ರೂಢಿಗೆ ಒಂದು ಮೇಜು, ಒಂದಿಷ್ಟು ತರಬೇತಿ, ಒಬ್ಬ ಹೆಣ್ಣುಮಗಳು ತಡೆ ಹಾಕಿದರು. ಇಲ್ಲಿ ಒಂದು ಸೂಕ್ಷ್ಮವಿದೆ. ಕಾಗದದ ಲೆಕ್ಕದಲ್ಲಿ ಆ ಠಾಣೆಗಳ ಅಪರಾಧ ‘ಹೆಚ್ಚಾಯಿತು’. ಅಪರಾಧದ ಅಂಕಿ ಇಳಿದರೆ ಮಾತ್ರ ಮುಂದಿನ ಕಂತು ಎಂದು ಅನುದಾನಕ್ಕೆ ಷರತ್ತು ಹಾಕಿದ್ದರೆ, ಈ ಠಾಣೆಗಳೇ ಮೊದಲು ಫೇಲಾಗುತ್ತಿದ್ದವು.

112ನ್ನೂ ಇಲ್ಲೇ ಹೇಳಿಬಿಡಬೇಕು. ಪೊಲೀಸು, ಬೆಂಕಿ, ಆಂಬುಲೆನ್ಸಿಗೆಲ್ಲ ದೇಶಕ್ಕೇ ಒಂದು ನಂಬರು. ಅದಕ್ಕೂ ನಿರ್ಭಯಾ ನಿಧಿಯ ನೆರವಿದೆ. ಒಂದು ಜಿಲ್ಲೆ, ಒಂದು ಊರು ತಾನಾಗಿ ಕಟ್ಟಿಕೊಳ್ಳುವ ವ್ಯವಸ್ಥೆ ಇದಲ್ಲ.

ಇನ್ನು ಕ್ಯಾಮೆರಾ. ಅದನ್ನು ಹಗುರವಾಗಿ ಆಡಿಕೊಳ್ಳುವುದು ನಮ್ಮಂಥ ಬರೆಯುವವರ ಚಟ, ಆದ್ದರಿಂದ ಅದಕ್ಕೂ ನ್ಯಾಯ ಸಲ್ಲಬೇಕು. 2024ರ ಮಾರ್ಚ್ 1ರಂದು ಬ್ರೂಕ್‌ಫೀಲ್ಡ್‌ನ ರಾಮೇಶ್ವರಂ ಕೆಫೆಯಲ್ಲಿ ಬಾಂಬ್ ಸಿಡಿಯಿತು. ಬ್ಯಾಗು ಇಟ್ಟು ಹೋದವನು ತಲೆಗೆ ಟೋಪಿ, ಮುಖಕ್ಕೆ ಮಾಸ್ಕ್ ಹಾಕಿದ್ದ. ಹೋಟೆಲಿನದು, ಬಸ್ಸಿನದು, ರಸ್ತೆಯದು ಎಂದು ನೂರಾರು ದೃಶ್ಯಗಳನ್ನು ಒಂದಕ್ಕೊಂದು ಪೋಣಿಸಿ, ಆ ಟೋಪಿ ಎಲ್ಲಿ ಮಾರಾಟವಾಯಿತು ಎಂಬಲ್ಲಿಗೂ ಹೋಗಿ, ಏಪ್ರಿಲ್ 12ಕ್ಕೆ ಪಶ್ಚಿಮ ಬಂಗಾಳದಲ್ಲಿ ಆರೋಪಿಗಳನ್ನು ಹಿಡಿದರು. ಬೀಟ್ ಪೇದೆ ಎಷ್ಟೇ ಚಾಲಾಕಿಯಾದರೂ ಒಬ್ಬನಿಂದ ಆಗುವ ಕೆಲಸವಲ್ಲ ಅದು. ಆದರೆ ಗಮನಿಸಿ, ಕ್ಯಾಮೆರಾ ಬಾಂಬನ್ನು ತಡೆಯಲಿಲ್ಲ; ಇಟ್ಟವನನ್ನು ಹುಡುಕಿಕೊಟ್ಟಿತು. ನಲವತ್ತು ವರ್ಷಗಳ ಸಿಸಿಟಿವಿ ಅಧ್ಯಯನಗಳನ್ನು ಒಟ್ಟು ಹಾಕಿ 2019ರಲ್ಲಿ ಪ್ರಕಟವಾದ ವಿಮರ್ಶೆ ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕ್ಯಾಮೆರಾ ಇದ್ದ ಕಡೆ ಅಪರಾಧ ಸರಾಸರಿ ಶೇ. 13ರಷ್ಟು ಕಡಿಮೆ. ಅದರ ಬಲ ಹೆಚ್ಚು ಕಂಡದ್ದು ವಾಹನ ನಿಲ್ಲಿಸುವ ತಾಣಗಳಲ್ಲಿ. ಹಿಂಸೆಯ ಅಪರಾಧದ ಮೇಲೆ ಗಣನೀಯ ಪರಿಣಾಮ ಕಾಣಲಿಲ್ಲ. ಮಹಿಳೆಯರ ಸುರಕ್ಷತೆಯ ಹೆಸರಿನಲ್ಲಿ ಬಂದ ಹಣ ಬೈಕ್ ಕಳ್ಳರನ್ನು ಹೆಚ್ಚು ಹೆದರಿಸುತ್ತಿದೆಯೇ ಎಂಬ ಅನುಮಾನ ಹುಟ್ಟುವುದು ಇಲ್ಲಿ.

ಬೇಡವೆನ್ನುವವರ ಮೊದಲ ದೂರು ಇದರ ಬೆನ್ನಿಗೇ ಬರುತ್ತದೆ. ಅನುದಾನಕ್ಕೆ ಬಳಕೆ ಪ್ರಮಾಣಪತ್ರ ಕೊಡಬೇಕು. ಪ್ರಮಾಣಪತ್ರದಲ್ಲಿ ಬರೆಯಲು ಎಣಿಕೆಗೆ ಸಿಗುವ ವಸ್ತು ಬೇಕು. 7,000ಕ್ಕೂ ಹೆಚ್ಚು ಕ್ಯಾಮೆರಾ ಎಂದು ಬರೆಯಬಹುದು, ತುರ್ತು ಕರೆಗೆಂದು ರಸ್ತೆಬದಿಯಲ್ಲಿಟ್ಟ 30 ‘ಸೇಫ್ಟಿ ಐಲ್ಯಾಂಡ್’ ಎಂದು ಬರೆಯಬಹುದು. ‘ನಾಲ್ಕನೇ ಅಡ್ಡರಸ್ತೆಯ ಅಜ್ಜಿ ಬೀಟ್ ಪೇದೆಯನ್ನು ಹೆಸರು ಹಿಡಿದು ಕರೆಯುತ್ತಾರೆ’ ಎಂದು ಬರೆಯುವ ಕಾಲಂ ಆ ಫಾರಮ್ಮಿನಲ್ಲಿ ಇಲ್ಲ. ಹಾಗಾಗಿ ಹಣ ವಸ್ತುವಿನ ಕಡೆಗೆ ಜಾರುತ್ತದೆ. ಯಾರ ದುರುದ್ದೇಶವೂ ಬೇಕಾಗಿಲ್ಲ, ಇಳಿಜಾರಿದ್ದ ಕಡೆ ನೀರು ಹರಿದ ಹಾಗೆ.

ಎರಡನೇ ದೂರು ಇನ್ನೂ ಗಟ್ಟಿ. ಹಣವನ್ನು ವಸ್ತುವಿಗೆ ಬಿಟ್ಟು ಜನರೊಂದಿಗಿನ ಒಡನಾಟಕ್ಕೇ ಹಾಕಿದರೂ ಕೆಲಸ ಆಗುತ್ತದೆಯೇ? ಬ್ರೆಜಿಲ್, ಕೊಲಂಬಿಯಾ, ಲೈಬೀರಿಯಾ, ಪಾಕಿಸ್ತಾನ, ಫಿಲಿಪ್ಪೀನ್ಸ್, ಉಗಾಂಡ, ಈ ಆರು ದೇಶಗಳಲ್ಲಿ ಒಂದೇ ಮಾದರಿಯ ಸಮುದಾಯ ಪೊಲೀಸ್ ಕಾರ್ಯಕ್ರಮ ನಡೆಸಿ, ನಡೆಸದ ಪ್ರದೇಶಗಳೊಂದಿಗೆ ಹೋಲಿಸಿ ನೋಡಿದರು. ಊರಿನವರ ಸಭೆ, ಹೆಚ್ಚು ಗಸ್ತು, ದೂರು ಕೇಳುವ ವ್ಯವಸ್ಥೆ, ಎಲ್ಲ ಇತ್ತು. 2021ರಲ್ಲಿ ಬಂದ ಫಲಿತಾಂಶ ನಿರಾಶೆಯದು. ಪೊಲೀಸರ ಮೇಲಿನ ನಂಬಿಕೆ ಏರಲಿಲ್ಲ, ಅಪರಾಧ ಇಳಿಯಲಿಲ್ಲ. ಸಂಶೋಧಕರು ಕೊಟ್ಟ ಕಾರಣಗಳನ್ನು ಓದಿದರೆ ನಮ್ಮ ಯಾವುದೋ ತಾಲ್ಲೂಕಿನ ಠಾಣೆಯ ವರದಿ ಓದಿದ ಹಾಗಾಗುತ್ತದೆ: ಮೇಲಧಿಕಾರಿಗಳ ಮೇಲಿಂದ ಮೇಲೆ ವರ್ಗಾವಣೆ, ಕೈಯಲ್ಲಿ ಸಂಪನ್ಮೂಲವಿಲ್ಲದಿರುವುದು, ಹಿರಿಯರಿಗೆ ಇದರಲ್ಲಿ ಆಸಕ್ತಿ ಉಳಿಯದಿರುವುದು. ಸಭೆಯಲ್ಲಿ ಜನ ಬೀದಿದೀಪದ ದೂರು ಹೇಳಿದರು. ಬರೆದುಕೊಂಡವನು ಮುಂದಿನ ಸಭೆಗೆ ಇರಲಿಲ್ಲ. ಇದು ನಾನು ಕಟ್ಟಿಕೊಂಡ ಚಿತ್ರ. ಆದರೆ ಮೊಹಲ್ಲಾ ಸಭೆಗೆ ಒಮ್ಮೆಯಾದರೂ ಹೋದವರಿಗೆ ಅದು ಹೊಸದಲ್ಲ.

ಈ ಜಗಳವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಆಡಿದ ದೇಶ ಅಮೆರಿಕ. ಅಲ್ಲಿ ಪೊಲೀಸು ಅಂದರೆ ಊರಿನದು; ಬಹುತೇಕ ಪಟ್ಟಣಗಳಿಗೆ ಅವುಗಳದೇ ಪಡೆ, ಅವುಗಳದೇ ತೆರಿಗೆ. 1994ರಲ್ಲಿ ಕ್ಲಿಂಟನ್ ಸರಕಾರ ಕಾಯ್ದೆ ತಂದು, ಆರು ವರ್ಷಗಳಿಗೆ 880 ಕೋಟಿ ಡಾಲರ್ ತೆಗೆದಿಟ್ಟು, ಬೀದಿಗೆ ಒಂದು ಲಕ್ಷ ಹೊಸ ಪೊಲೀಸರನ್ನು ಇಳಿಸುತ್ತೇವೆಂದು ಹೇಳಿತು. ಈ ಹಣ ಹಂಚುವುದಕ್ಕೇ ‘ಕಾಪ್ಸ್’ ಎಂಬ ಕಚೇರಿ ಹುಟ್ಟಿತು. ಷರತ್ತು ಹೀಗಿತ್ತು: ಒಬ್ಬ ಅಧಿಕಾರಿಯ ಸಂಬಳದ ಶೇ. 75ರವರೆಗೆ, ಮೂರು ವರ್ಷಕ್ಕೆ ಹೆಚ್ಚೆಂದರೆ 75,000 ಡಾಲರ್ ಕೇಂದ್ರದ್ದು. ಉಳಿದದ್ದು ಊರಿನದು. ಮೂರು ವರ್ಷ ಮುಗಿದ ಮೇಲೆ ಅವನನ್ನು ಉಳಿಸಿಕೊಳ್ಳುವ ಹೊಣೆಯೂ ಊರಿನದೇ.

ಆಮೇಲಿನ ಲೆಕ್ಕಗಳನ್ನು ಎರಡೂ ಪಕ್ಷದವರು ಇವತ್ತಿಗೂ ಎಳೆದಾಡುತ್ತಾರೆ. ಸರಕಾರವೇ ಹಣ ಕೊಟ್ಟು ಮಾಡಿಸಿದ ಮೌಲ್ಯಮಾಪನ 2000ದಲ್ಲಿ ಹೇಳಿದ್ದು: ಈ ಅನುದಾನದಿಂದ ನಿಜವಾಗಿ ಹೆಚ್ಚಾದ ಪೊಲೀಸರು ಅತಿ ಹೆಚ್ಚೆಂದರೆ 69,000ದಿಂದ 84,600ರ ನಡುವೆ. ಲಕ್ಷ ಮುಟ್ಟಲಿಲ್ಲ. ಕೆಲವು ಊರುಗಳು ಹೇಗೂ ನೇಮಿಸಿಕೊಳ್ಳಲಿದ್ದವರನ್ನೇ ಅನುದಾನದ ಲೆಕ್ಕಕ್ಕೆ ಬರೆದವು. 2005ರಲ್ಲಿ ಅಲ್ಲಿನ ಲೆಕ್ಕಪರಿಶೋಧನಾ ಸಂಸ್ಥೆ ಹೇಳಿದ್ದು: 1993ರಿಂದ 2000ದವರೆಗೆ ಅಪರಾಧ ಶೇ. 26ರಷ್ಟು ಇಳಿಯಿತು, ಆ ಇಳಿಕೆಯಲ್ಲಿ ಇಪ್ಪತ್ತರಲ್ಲಿ ಒಂದು ಪಾಲು ಕಾಪ್ಸ್ ಹಣದಿಂದಾದದ್ದು. ಮೂದಲಿಸುವವರಿಗೆ ಇದು ‘ಬರೀ ಇಪ್ಪತ್ತರಲ್ಲಿ ಒಂದು’. ಹೊಗಳುವವರಿಗೆ, ಒಂದು ಸರಕಾರಿ ಯೋಜನೆಯಿಂದ ಇಷ್ಟಾದರೂ ಆಯಿತೆಂದು ತೋರಿಸಿದ ಅಪರೂಪದ ಲೆಕ್ಕ. ಆರ್ಥಿಕ ಕುಸಿತದ 2009ರಲ್ಲಿ ಮತ್ತೆ 100 ಕೋಟಿ ಡಾಲರ್ ಹಂಚಿದಾಗ ಅರ್ಜಿ ಹಾಕಿದ ಊರುಗಳಿಗೆ ಅಂಕ ಕೊಟ್ಟಿದ್ದರು. ಗೆರೆಯ ಮೇಲಿದ್ದ ಊರಿಗೆ ಹಣ ಸಿಕ್ಕಿತು, ಗೆರೆಯ ಕೆಳಗಿದ್ದದ್ದಕ್ಕೆ ಇಲ್ಲ. ಮುಂದೆ ಸಂಶೋಧಕರೊಬ್ಬರು ಇವೆರಡನ್ನೂ ಹೋಲಿಸಿದರು. ಹಣ ಪಡೆದ ಊರುಗಳಲ್ಲಿ ಪೊಲೀಸರು ಶೇ. 3.2 ಹೆಚ್ಚು, ಹಾನಿಯ ತೂಕದಲ್ಲಿ ಅಳೆದ ಅಪರಾಧ ಶೇ. 3.5 ಕಡಿಮೆ.

ಅಲ್ಲಿಗೆ ಅನುದಾನ ಗೆದ್ದಿತು ಅನ್ನಬಹುದಿತ್ತು, 2022ರ ಇನ್ನೊಂದು ಅಧ್ಯಯನ ಬರದಿದ್ದರೆ. ಹತ್ತರಿಂದ ಹದಿನೇಳು ಹೆಚ್ಚುವರಿ ಪೊಲೀಸರಿಗೆ ವರ್ಷಕ್ಕೆ ಒಂದು ಕೊಲೆ ತಪ್ಪುತ್ತದೆ. ಜನಸಂಖ್ಯೆಯ ಲೆಕ್ಕದಲ್ಲಿ ಕಪ್ಪು ಜನರಿಗೆ ಆ ಲಾಭ ಬಿಳಿಯರಿಗಿಂತ ಎರಡು ಪಟ್ಟು. ಅದೇ ಹೆಚ್ಚುವರಿ ಪೊಲೀಸರು ಸಣ್ಣಪುಟ್ಟ ತಪ್ಪಿಗೆ ಹೆಚ್ಚು ಜನರನ್ನು ಹಿಡಿಯುತ್ತಾರೆ. ಅದರ ಭಾರ ಬೀಳುವುದೂ ಕಪ್ಪು ಜನರ ಮೇಲೇ ಹೆಚ್ಚು. ಜೀವ ಉಳಿದದ್ದೂ ಅವರ ಬೀದಿಯಲ್ಲೇ, ಬೇಡಿ ಬಿದ್ದದ್ದೂ ಅವರ ಬೀದಿಯಲ್ಲೇ. ಎರಡನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವ ಕಲ್ಲು ನನ್ನ ಬಳಿಯಂತೂ ಇಲ್ಲ.

ಹಾಗಾದರೆ ಮೇಲಿನ ಹಣ ಬೇಡ, ಊರಿನ ಹಣದಲ್ಲೇ ಮಾಡಿಕೊಳ್ಳೋಣ ಎನ್ನುವವರಿದ್ದಾರೆ. ಹೈದರಾಬಾದಿನಲ್ಲಿ ‘ನೇನು ಸೈತಂ’ ಹೆಸರಿನಲ್ಲಿ ವ್ಯಾಪಾರಿಗಳು, ಕಾಲೊನಿಗಳ ನಿವಾಸಿಗಳು ದುಡ್ಡು ಹಾಕಿ ಬೀದಿಗೆ ಕ್ಯಾಮೆರಾ ತಂದರು. ನಮ್ಮಲ್ಲಿ 2017ರ ಸಾರ್ವಜನಿಕ ಸುರಕ್ಷತೆ ಕಾಯ್ದೆ ಜನ ಸೇರುವ ಅಂಗಡಿ, ಮಾಲ್, ಆಸ್ಪತ್ರೆಗಳೇ ತಮ್ಮ ಖರ್ಚಿನಲ್ಲಿ ಕ್ಯಾಮೆರಾ ಹಾಕಿಕೊಳ್ಳಬೇಕೆಂದಿತು. ಬೇಗ ಆಗುತ್ತದೆ, ಟೆಂಡರಿನ ರಗಳೆ ಇಲ್ಲ. ಆದರೆ ತಳವಾರನ ಕತೆ ಇಲ್ಲಿ ಮತ್ತೆ ತಲೆ ಎತ್ತುತ್ತದೆ. ಹಣ ಹಾಕಬಲ್ಲ ಲೇಔಟಿಗೆ ಕಣ್ಣು ಬರುತ್ತದೆ, ಕೊಳೆಗೇರಿಗೆ ಬರುವುದಿಲ್ಲ. ಬಂದರೂ ಆ ಕಣ್ಣು ಕೊಳೆಗೇರಿಯನ್ನು ಕಾಯಲು ಬಂದದ್ದೋ, ಕೊಳೆಗೇರಿಯಿಂದ ಲೇಔಟನ್ನು ಕಾಯಲು ಬಂದದ್ದೋ ಹೇಳುವುದು ಕಷ್ಟ. ಮನೆಗೆಲಸಕ್ಕೆ ಬರುವವರ ಗುರುತಿನ ಚೀಟಿ ನೋಡಿ ಒಳಗೆ ಬಿಡುವ ಗೇಟಿನಲ್ಲಿ ಒಂದು ಬೆಳಿಗ್ಗೆ ನಿಂತು ನೋಡಿದವರಿಗೆ ನಾನು ಹೇಳುವುದು ಅರ್ಥವಾದೀತು.

ಹಣವೇ ಇಲ್ಲದ ದಾರಿ ಸ್ವಯಂಸೇವಕರದು. ತಮಿಳುನಾಡಿನ ರಾಮನಾಥಪುರದಲ್ಲಿ 1993ರಲ್ಲಿ ಐಪಿಎಸ್ ಅಧಿಕಾರಿ ಪ್ರತೀಪ್ ಫಿಲಿಪ್ ಶುರು ಮಾಡಿದ ‘ಫ್ರೆಂಡ್ಸ್ ಆಫ್ ಪೊಲೀಸ್’ ದೇಶವಿದೇಶಗಳಲ್ಲಿ ಹೊಗಳಿಸಿಕೊಂಡಿತು. 2020ರಲ್ಲಿ ಸಾತಾನ್‌ಕುಳಂ ಠಾಣೆಯ ವಶದಲ್ಲಿದ್ದ ತಂದೆ ಮಗ ಇಬ್ಬರೂ ಸತ್ತ ಪ್ರಕರಣದಲ್ಲಿ ಇಂಥ ಸ್ವಯಂಸೇವಕರ ಹೆಸರೂ ಕೇಳಿಬಂತು. ಮುಂದಿನ ತಿಂಗಳೇ ಸರಕಾರ ಅದನ್ನು ನಿಷೇಧಿಸಿತು. ಸಂಬಳವಿಲ್ಲದವನಿಗೆ ಶಿಸ್ತಿನ ನಿಯಮವೂ ಇಲ್ಲ, ಅಮಾನತೂ ಇಲ್ಲ. ಹೆಗಲ ಮೇಲೆ ಠಾಣೆಯ ನೆರಳು ಮಾತ್ರ ಇರುತ್ತದೆ.

ಇವೆಲ್ಲದರ ನಡುವೆ ನನಗೆ ಹೆಚ್ಚು ಮೆಚ್ಚುಗೆಯಾಗುವುದು ಕೇರಳ. ನ್ಯಾಯಮೂರ್ತಿ ಕೆ.ಟಿ. ಥಾಮಸ್ ಆಯೋಗದ ಸಲಹೆಯಂತೆ 2008ರ ಮಾರ್ಚಿನಲ್ಲಿ ಜನಮೈತ್ರಿ ಯೋಜನೆ ಬರೀ 20 ಠಾಣೆಗಳಲ್ಲಿ ಆರಂಭವಾಯಿತು. ಬೀಟ್ ಅಧಿಕಾರಿಗೆ ತನ್ನ ಬೀಟಿನ ಪ್ರತಿ ಮನೆಯಲ್ಲೂ ಒಬ್ಬರಾದರೂ ಮುಖತಃ ಪರಿಚಯವಿರಬೇಕು ಎಂಬುದು ಅದರ ತಿರುಳು. ಆ ಮಾದರಿಯನ್ನು ಆಮೇಲೆ ರಾಜ್ಯಕ್ಕೆಲ್ಲ ಹಬ್ಬಿಸಿದರು. ಅದರಿಂದ ಕೇರಳದ ಅಪರಾಧ ಇಷ್ಟೇ ಇಳಿಯಿತು ಎಂದು ಹೇಳುವಷ್ಟು ಸಾಹಸ ನನಗಿಲ್ಲ. ಬೇರೆ ಕಡೆಯ ಅಧ್ಯಯನಗಳನ್ನು ಒಟ್ಟು ನೋಡಿದರೂ, ಸಮುದಾಯ ಪೊಲೀಸ್‌ನಿಂದ ಜನರ ತೃಪ್ತಿ ಹೆಚ್ಚುತ್ತದೆಯೇ ಹೊರತು ಅಪರಾಧ ಹೆಚ್ಚೇನೂ ಇಳಿಯುವುದಿಲ್ಲ. ಆದರೆ ಠಾಣೆಯ ಮೆಟ್ಟಿಲು ಹತ್ತಲು ಹೆದರದ ಜನ ಇರುವುದು ಸಣ್ಣ ಲಾಭವೇ? ನನ್ನ ಒಲವು ಇಲ್ಲಿ ಕಂಡುಹೋಯಿತು, ಮುಚ್ಚಿಡುವುದಿಲ್ಲ. ಅನುದಾನ ಬೇಕು, ಆದರೆ ಕ್ಯಾಮೆರಾಕ್ಕೆ ಕೊಟ್ಟಷ್ಟೇ ಧಾರಾಳವಾಗಿ, ಒಬ್ಬ ಪೇದೆಯನ್ನು ಒಂದೇ ಬೀಟಿನಲ್ಲಿ ಐದು ವರ್ಷ ಉಳಿಸಿಕೊಂಡ ಠಾಣೆಗೂ ಕೊಡಬೇಕು. ಇದಕ್ಕೆ ಎದುರು ವಾದವೂ ನನಗೆ ಗೊತ್ತು. ಐದು ವರ್ಷ ಒಂದೇ ಕಡೆ ಕೂತ ಪೇದೆಗೆ ಮಾಮೂಲಿನ ಬೇರೂ ಬಿಡುತ್ತದೆ, ವರ್ಗಾವಣೆ ಎಂಬ ಪದ್ಧತಿ ಇರುವುದೇ ಆ ಬೇರು ಕೀಳಲು. ಹಳೆಯ ಇನ್‌ಸ್ಪೆಕ್ಟರ್‌ಗಳು ಈ ಮಾತು ಹೇಳಿದಾಗ ನಾನು ಸುಮ್ಮನಾಗಿದ್ದೇನೆ.

ಕರ್ನಾಟಕ 2017ರಲ್ಲಿ ಬೀಟ್ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿ, ಪ್ರತಿ ಬೀಟಿಗೂ ನಾಗರಿಕರ ಸಮಿತಿ ಮಾಡಿತು. 2025ರ ಜುಲೈಯಲ್ಲಿ ಗೃಹ ಸಚಿವ ಜಿ. ಪರಮೇಶ್ವರ ‘ಮನೆ ಮನೆಗೆ ಪೊಲೀಸ್’ ಯೋಜನೆಗೆ ಚಾಲನೆ ಕೊಟ್ಟರು. ನಲವತ್ತರಿಂದ ಅರವತ್ತು ಮನೆಗೆ ಒಂದು ಗುಂಪು, ಪೊಲೀಸರೇ ಬಾಗಿಲಿಗೆ ಬಂದು ಕಷ್ಟಸುಖ ಕೇಳುವುದು. ಬಾಗಿಲಿಗೆ ಪೊಲೀಸರು ಬಂದರೆ ಅಕ್ಕಪಕ್ಕದವರು ಏನಂದುಕೊಂಡಾರು ಎಂದು ಹೆದರುವ ಮನೆಗಳೂ ಇವೆ, ಬರೆದುಕೊಂಡು ಹೋದ ವಿವರ ಎಲ್ಲಿ ಸೇರುತ್ತದೆ ಎಂದು ಕೇಳುವವರೂ ಇದ್ದಾರೆ. ಕೇಳಬೇಕಾದ ಪ್ರಶ್ನೆಯೇ. ಈ ಯೋಜನೆಗೆ ಯಂತ್ರ ಬೇಕಾಗಿಲ್ಲ, ಪೇದೆಯ ಹೊತ್ತು ಬೇಕು. ಸಾವಿರಾರು ಹುದ್ದೆ ಖಾಲಿ ಇರುವ ಇಲಾಖೆಯಲ್ಲಿ ಎಲ್ಲಕ್ಕಿಂತ ತುಟ್ಟಿ ಅದೇ.

ನಮ್ಮ ಮನೆಗೂ ಒಬ್ಬರು ಬಂದಿದ್ದರು. ಚಿಕ್ಕ ವಯಸ್ಸಿನವರು, ಸಂಕೋಚದಿಂದ ಬಾಗಿಲಲ್ಲೇ ನಿಂತರು. ಒಳಗೆ ಕರೆದು ಕಾಫಿ ಕೊಟ್ಟೆವು. ಹೆಸರು ಹೇಳಿದರು, ಮೊಬೈಲ್ ನಂಬರ್ ಕೊಟ್ಟರು, ‘ಎಷ್ಟೊತ್ತಿಗಾದರೂ ಮಾಡಿ ಸಾರ್’ ಅಂದರು. ಮೂರು ತಿಂಗಳ ಮೇಲೆ ಒಂದು ರಾತ್ರಿ ಎದುರುಮನೆಯ ಕಾಂಪೌಂಡ್ ಹಾರಿದ ಸದ್ದಾಯಿತು. ಆ ನಂಬರಿಗೆ ಫೋನ್ ಮಾಡಿದೆ.

‘ನನಗೆ ವರ್ಗ ಆಯಿತು ಸಾರ್, ಬೇರೆ ಠಾಣೆಗೆ ಬಂದೆ.’

‘ನಿಮ್ಮ ಜಾಗಕ್ಕೆ ಯಾರಿದ್ದಾರೆ?’

‘ಇನ್ನೂ ಯಾರನ್ನೂ ಹಾಕಿಲ್ಲ ಅನ್ಸುತ್ತೆ. ತಡ ಮಾಡಬೇಡಿ, 112ಕ್ಕೆ ಮಾಡಿ.’

ಮಾಡಿದೆ. ಹೊಯ್ಸಳ ಗಾಡಿ ಹತ್ತು ನಿಮಿಷದೊಳಗೆ ಮುಖ್ಯರಸ್ತೆಗೆ ಬಂದು ನಿಂತಿತು. ಅದರಲ್ಲಿದ್ದವರಿಗೆ ನಮ್ಮ ಅಡ್ಡರಸ್ತೆ ಯಾವುದೆಂದು ಗೊತ್ತಿರಲಿಲ್ಲ. ನಾನೇ ಟಾರ್ಚ್ ಹಿಡಿದು, ಆ ಮುಚ್ಚಿದ ಅಂಗಡಿಯ ತನಕ ಹೋಗಿ ಅವರನ್ನು ಕರೆದುಕೊಂಡು ಬಂದೆ.